ತಡ್ಕೋ ಎನ್ನುವ ಮನೆ

ಒದ್ದೆಯಾದ ಚಡ್ಡಿ ಕತ್ತರಿಸುವ ಮೇಜಿನ ಮೇಲೆ ಬಂದು ಬಿತ್ತು. ಅದೂ ಗುರುತು ಹಾಕಿಟ್ಟಿದ್ದ ಹೊಸ ಬಟ್ಟೆಯ ಪಕ್ಕದಲ್ಲೇ!

“ನೋಡು, ನಿನ್ನ ಮಗಳ ಕೆಲ್ಸ! ಏಳು ವರ್ಷದ ಕತ್ತೆ. ಗಿರಾಕಿ ಮುಂದೆ ನನ್ನ ಮಾನ ಹರಾಜು ಹಾಕಿದ್ಳು!” ಎಂದು ಅತ್ತೆ ಸೊಸೆಯ ಮೇಲೆ ಕಿರುಚಿದರು. ಮೂಲೆಯಲ್ಲಿ, ಚಿಂದಿಬಟ್ಟೆಯ ಮೂಟೆಯ ಹಿಂದೆ, ಗುಂಡಿ ಎರಡೂ ಕಾಲು ಹೆಣೆದುಕೊಂಡು ನಿಂತಿದ್ದಳು. ಹೊಲಿಗೆಯವರ ಮನೆಯ ದುಂಡುಮುಖದ ಹುಡುಗಿ ಎಂದು ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು. ಅಳುವನ್ನೂ ತಡೆದುಕೊಂಡಿದ್ದಳು.

ಆ ಮನೆಯಲ್ಲಿ ತಡೆದುಕೊಳ್ಳದವರು ಯಾರಿದ್ದರು ಹೇಳಿ? ಮುಂದಿನ ಕೋಣೆಯೇ ಅತ್ತೆಯ ಹೊಲಿಗೆ ಅಂಗಡಿ. ಶೌಚಾಲಯದ ಬಾಗಿಲಿರುವುದೂ ಅದೇ ಕೋಣೆಯಲ್ಲಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಪಕ್ಕದಲ್ಲಿ. ಯಾವ ಪುಣ್ಯಾತ್ಮ ಕಟ್ಟಿದನೋ! ಗಿರಾಕಿ ಇದ್ದಾಗ ಆ ಬಾಗಿಲು ತೆಗೆಯಕೂಡದು ಎಂಬುದು ಅತ್ತೆಯ ಕಾನೂನು. ತೀರಾ ಅವಸರವಾಗಿ ಒಬ್ಬರು ಹೋದರೆ, ಸದ್ದು ಕೇಳಿಸದಿರಲೆಂದು ಇನ್ನೊಬ್ಬರು ಮೆಷಿನ್ ಜೋರಾಗಿ ತುಳಿಯಬೇಕು. ಉಳಿದಂತೆ ಎಲ್ಲದಕ್ಕೂ ಒಂದೇ ಮಂತ್ರ: “ತಡ್ಕೋ.” ಹೆರಿಗೆ ನೋವಿನಲ್ಲಿ ಸೊಸೆ ಹಲ್ಲು ಕಚ್ಚಿದಾಗಲೂ ಅದೇ, ಮೆಷಿನ್ ತುಳಿದು ಬೆನ್ನು ಬಿದ್ದುಹೋದಾಗಲೂ ಅದೇ. ಅದರ ಮೇಲೊಂದು ಗಾದೆಯ ಒಗ್ಗರಣೆ: “ತಾಳಿದವನು ಬಾಳಿಯಾನು!” ಹೀಗೆ ತಾಳಿ ತಾಳಿ ಹುಡುಗಿಗೆ ಮತ್ತೆ ಮತ್ತೆ ಉರಿ, ಜ್ವರ, ಹೊಟ್ಟೆನೋವು. ಮೂತ್ರದ ಸೋಂಕು ಹೀಗೇ ಮರುಕಳಿಸಿದರೆ ಕಿಡ್ನಿಗೇ ಏಟು ಬಿದ್ದೀತು ಎಂದು ಡಾಕ್ಟರು ಎಚ್ಚರಿಸಿ, ಫಿಸಿಯೋಥೆರಪಿ ಮೇಡಂ ಹತ್ತಿರ ಕಳಿಸಿದ್ದರು.

“ಹೊಟ್ಟೆಯ ತಳದಲ್ಲಿ ಸ್ನಾಯುಗಳ ಒಂದು ಜೋಳಿಗೆ ಇರುತ್ತಮ್ಮ,” ಎಂದಿದ್ದರು ಮೇಡಂ. “ಇವಳದು ಸಡಿಲ ಆಗಿಲ್ಲ, ಸದಾ ಬಿಗಿದುಕೊಂಡೇ ಇದೆ. ಹಿಡಿಯೋದು ಕಲ್ತಿದಾಳೆ, ಬಿಡೋದು ಮರ್ತಿದಾಳೆ. ಪೂರ್ತಿ ಖಾಲಿ ಆಗಲ್ಲ, ಉಳಿದದ್ದು ಸೋರುತ್ತೆ.” ಹೊತ್ತುಹೊತ್ತಿಗೆ ಹೋಗಬೇಕು, ಪಾದದ ಕೆಳಗೆ ಮಣೆ ಇಟ್ಟುಕೊಳ್ಳಬೇಕು, ಮುಂದಕ್ಕೆ ಬಾಗಿ ಕೂತು ಸೋಪಿನ ಗುಳ್ಳೆ ಊದಬೇಕು. ಉಸಿರು ಹೊರಗೆ ಹರಿದರೆ ಹೊಟ್ಟೆ ಸಡಿಲ, ಹೊಟ್ಟೆ ಸಡಿಲವಾದರೆ ತಳವೂ ಸಡಿಲ. ಗುಂಡಿಗೆ ಆ ಔಷಧ ಬಹಳ ಹಿಡಿಸಿತ್ತು.

“ಹೋಗ್ತೀನಿ ಅಂತ ಅವಳು ಕೇಳಿದ್ಳಾ, ಇಲ್ವಾ?” ಸೊಸೆ ಒದ್ದೆ ಚಡ್ಡಿಯನ್ನು ಮೇಜಿನಿಂದ ಎತ್ತುತ್ತ ಕೇಳಿದಳು.

“ಕೇಳಿದ್ಳು. ಅಳತೆ ತಗೋತಿದ್ದೆ, ತಡ್ಕೋ ಅಂದೆ. ಅದೊಂದು ತಪ್ಪಾ? ಅಲ್ಲಿ ಕೂತು ಗುಳ್ಳೆ ಊದೋದು ಯಾವ ಸೀಮೆ ಚಿಕಿತ್ಸೆ? ಆ ಸೋಪಿನ ನೀರು ಆಗ್ಲೇ ಚೆಲ್ಲಿದೀನಿ. ಮಣೆ ನನ್ನ ಕಾಲಿಗೆ ಬೇಕು. ನಾಳೆಯಿಂದ ಆ ಮೇಡಮ್ಮೂ ಬೇಡ, ಗೀಡಮ್ಮೂ ಬೇಡ!”

ಇಸ್ತ್ರಿ ಹಾಕುತ್ತಿದ್ದ ಗಂಡ ತಲೆಯೆತ್ತದೆ, “ಅಮ್ಮ ಹೇಳೋದೂ ಸರಿ... ನೀನು ಹೇಳೋದೂ ಸರಿ...” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ.

“ನೀವು ಸುಮ್ನಿರಿ! ಇಸ್ತ್ರಿ ಮಾಡೋಕೆ ಇದು ಬಟ್ಟೆಯಲ್ಲ, ಮಗು!” ಎಂದ ಸೊಸೆ, ಮಗಳನ್ನು ಒರೆಸಲು ಒಣಬಟ್ಟೆಗಾಗಿ ಅತ್ತೆಯ ಮೆಷಿನ್ನಿನ ಡ್ರಾಯರಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಹಳೆಯ ಹತ್ತಿಬಟ್ಟೆಯ ದಪ್ಪ ಮಡಿಕೆಗಳು. ಪದರದ ಮೇಲೆ ಪದರ, ಅಂಚಿಗೆ ನೀಟಾದ ಹೊಲಿಗೆ. ಮಗುವಿನ ಅಳತೆಯವಲ್ಲ. ಹೊಲಿಗೆ ಮಾತ್ರ ಅತ್ತೆಯದೇ... ಸೀನು ಬಂದಾಗಲೆಲ್ಲ ಅತ್ತೆ ಮೇಜು ಹಿಡಿದು ಕಾಲು ಹೆಣೆದುಕೊಳ್ಳುತ್ತಿದ್ದುದು ಅವಳಿಗೆ ಆಗ ನೆನಪಾಯಿತು.

“ಇದು ಯಾರದು ಅತ್ತೆ?”

ಅತ್ತೆಯ ಮುಖ ಕಪ್ಪಿಟ್ಟಿತು. “ನಿನ್ನ ಗಂಡ ಹುಟ್ಟಿದಾಗಿಂದ... ಕೆಮ್ಮಿದ್ರೆ ಸೋರುತ್ತೆ. ನನ್ನತ್ತೆ ತಡ್ಕೋ ಅಂದ್ರು, ತಡ್ಕೊಂಡೆ. ಇಂಥದ್ದನ್ನ ಯಾರ ಹತ್ರ ಹೇಳ್ಲಿ?”

“ಅಯ್ಯೋ ಪಾಪ ಅನ್ಲಾ? ಅನ್ನಲ್ಲ!” ಸೊಸೆ ಸಿಡಿದಳು. “ಗೊತ್ತಿಲ್ದೆ ಮಾಡಿದ್ರೆ ಕ್ಷಮಿಸ್ತಿದ್ದೆ. ಸುಡುತ್ತೆ ಅಂತ ಗೊತ್ತಿದ್ದೂ ಈ ಮಗು ಕೈಗೆ ಕೆಂಡ ಕೊಟ್ರಲ್ಲ! ತಾಳಿದವನು ಬಾಳಿಯಾನು ಅಂತೀರಲ್ಲ, ನೀವು ಬಾಳಿದ್ರಾ? ಹೇಳಿ ಅತ್ತೆ, ಬಾಳಿದ್ರಾ? ನಿಮ್ಮದಕ್ಕೂ ಆ ಮೇಡಂ ಹತ್ರ ವ್ಯಾಯಾಮ ಇದೆ. ಹೋಗೋದು ಬಿಡೋದು ನಿಮ್ಮಿಷ್ಟ. ಆದ್ರೆ ನಾಳೆ ನನ್ನ ಮಗಳಿಗೆ ಈ ಬಾಗಿಲು ತೆಗೀದಿದ್ರೆ, ಅವಳನ್ನ ಕರ್ಕೊಂಡು ಹೊರಟುಬಿಡ್ತೀನಿ. ನಾನಿನ್ನು ತಡ್ಕೊಳ್ಳಲ್ಲ!”

ಗಂಡ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದ. ಸೊಸೆ ಖಾಲಿ ಬಾಟಲಿಯನ್ನು ಹುಡುಕಿ, ತೊಳೆದು, ಮತ್ತೆ ಸೋಪಿನ ನೀರು ತುಂಬಿಟ್ಟಳು.

ಮರುದಿನ ಅಂಗಡಿ ತುಂಬಿತ್ತು. ಠೀವಿಯ ಹೆಂಗಸೊಬ್ಬಳು ತೋಳು ಚಾಚಿ ನಿಂತಿದ್ದಳು. ಅತ್ತೆಯ ಟೇಪು ಅವಳ ಸೊಂಟ ಸುತ್ತಿತ್ತು. ಗುಂಡಿ ಎದ್ದು ಬಂದು, ಕಾಲು ಹೆಣೆದುಕೊಂಡು, ನೆಲ ನೋಡುತ್ತ ಹೇಳಿದಳು: “ಅಜ್ಜಿ... ಉಚ್ಚೆ.”

ಸೊಸೆಯ ಮೆಷಿನ್ ಗಕ್ಕನೆ ನಿಂತಿತು.

“ತಡ್...” ಅತ್ತೆಯ ಬಾಯಿಂದ ರೂಢಿಯಂತೆ ಅರ್ಧ ಮಾತು ಹೊರಬಿದ್ದೇಬಿಟ್ಟಿತು. ಅವರು ಮೊಮ್ಮಗಳ ಕಾಲುಗಳನ್ನು ನೋಡಿದರು. ಆಮೇಲೆ ಟೇಪು ಸಡಿಲಿಸಿ, ಗಿರಾಕಿಯ ಕಡೆ ತಿರುಗಿದರು.

“ನೀವು ಸ್ವಲ್ಪ ತಡ್ಕೊಳ್ಳಮ್ಮ. ನಮ್ಮ ಮಗು ಹೋಗ್ಬೇಕು.”

ತಮ್ಮ ಮೆಷಿನ್ನಿನ ಕೆಳಗಿದ್ದ ಮಣೆಯನ್ನು ಎತ್ತಿ, ತಾವೇ ಆ ಬಾಗಿಲು ತೆಗೆದು ಒಳಗಿಟ್ಟರು. ಒಳಗಿಂದ ಮೊದಲು ಗುಳ್ಳೆ ಊದುವ ಸದ್ದು, ಆಮೇಲೆ ನೀರಿನ ಸದ್ದು. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಗುಂಡಿ ನಗುತ್ತ ಹೊರಬಂದಾಗ ಗಿರಾಕಿ ಮತ್ತೆ ತೋಳು ಚಾಚಿದಳು. ಅತ್ತೆ ಟೇಪು ಎತ್ತಿಕೊಂಡವರು ಹಾಗೇ ನಿಂತರು.

“ಇನ್ನೂ ಸ್ವಲ್ಪ ತಡ್ಕೊಳ್ಳಿ,” ಎಂದರು ತಗ್ಗಿದ ದನಿಯಲ್ಲಿ, ಮತ್ತು ತಾವೂ ಒಳಗೆ ಹೋದರು.

ಸೊಸೆಯ ಸಿಟ್ಟು ಇಳಿದಿರಲಿಲ್ಲ. ಅಷ್ಟು ಬೇಗ ಇಳಿಯುವ ಸಿಟ್ಟೂ ಅದಲ್ಲ. ಅವಳ ಪಾದ ಪೆಡಲಿನ ಮೇಲೆಯೇ ಇತ್ತು. ಆದರೆ ಸದ್ದು ಮುಚ್ಚಲೆಂದು ಅವಳು ಅಂದು ಮೆಷಿನ್ ತುಳಿಯಲಿಲ್ಲ.