ಎರಡು ಮೂತಿಯ ಗಾಡಿ

"ಆಯಿ, ಸಾಕಂದ್ರ ಸಾಕು! ಇನ್ನೊಬ್ಬರನ್ನ ಕೇಳಿದ್ರ ನಾ ಇಲ್ಲೇ ಕುಂತಬಿಡ್ತೀನಿ ನೋಡು!"

ಗದಗ ಸ್ಟೇಷನ್ನಿನ ನಟ್ಟನಡುವೆ ನಿಂತು ಶಿವರಂಜನಿ ಕಾಲು ಅಪ್ಪಳಿಸಿದಳು. ಆಯಿ, ಅಂದರೆ ಅವಳ ಅಜ್ಜಿ ಸಾವಿತ್ರೆವ್ವ, ಆಗಲೇ ಹೂವಿನವಳನ್ನು ಕೇಳಿದ್ದಾಗಿತ್ತು, ಚಹಾದವನನ್ನು ಕೇಳಿದ್ದಾಗಿತ್ತು, ನಿದ್ದೆ ಹೋಗಿದ್ದ ಮುದುಕನೊಬ್ಬನನ್ನು ಎಬ್ಬಿಸಿಯೂ ಕೇಳಿದ್ದಾಗಿತ್ತು. "ಹುಬ್ಬಳ್ಳಿ ಗಾಡಿ ಇಲ್ಲೇ ಬರ್ತೈತೇನ್ರಿ?"

ಬರೀ ಕೇಳಿದ್ದರೆ ರಂಜನಿ ಸಹಿಸಿಕೊಳ್ಳುತ್ತಿದ್ದಳೋ ಏನೋ. ಆದರೆ ಆಯಿ ಅಷ್ಟಕ್ಕೇ ಬಿಡುವವಳೇ? ಸಣ್ಣ ಮಗಳು ಹುಬ್ಬಳ್ಳಿಯಲ್ಲಿ ಹಡೆದದ್ದು, ಇವತ್ತು ಮಧ್ಯಾಹ್ನ ಕೂಸನ್ನು ತೊಟ್ಟಿಲಿಗೆ ಹಾಕುವುದು, ಎಲ್ಲ ಪುರಾಣ ಬಿಚ್ಚಬೇಕು. ಆಮೇಲೆ ಚೀಲದಿಂದ ಕುಂಚಿಗೆಯನ್ನು ತೆಗೆದು ತೋರಿಸಬೇಕು. ಕೂಸಿನ ತಲೆಗೆ ಕಟ್ಟಿ ಬೆನ್ನಿನ ಮೇಲೆ ಇಳಿಬಿಡುವ ಕೆಂಪು ಕುಂಚಿಗೆ, ಅಂಚಿಗೆ ಹಸಿರು ಗೊಂಡೆ. ಆಯಿಯೇ ಕೈಯಾರೆ ಹೊಲಿದದ್ದು. ಅದನ್ನು ತೊಡಿಸದೆ ಅವರ ಮನೆಯಲ್ಲಿ ಯಾವ ಕೂಸೂ ತೊಟ್ಟಿಲು ಕಂಡಿಲ್ಲ.

"ಕೇಳಿದ್ರ ಗಂಟೇನು ಹೋಗತೈತವಾ?" ಎಂದಳು ಆಯಿ.

"ನಾ ಐದನೇ ಕ್ಲಾಸ್ ಅದೀನಿ. ನನಗ ಓದಾಕ ಬರೂದಿಲ್ಲೇನು? ಎಲ್ಲಾರೂ ನಮ್ಮನ್ನ ನೋಡಿ ನಗಾಕತ್ತಾರ. ಇನ್ನ ಯಾರನ್ನೂ ಕೇಳೂದಿಲ್ಲಂತ ಆಣಿ ಮಾಡು!"

ಆಯಿ ಮೊಮ್ಮಗಳ ಮುಖವನ್ನೇ ನೋಡಿದಳು. "ಆತವಾ. ಕೇಳೂದಿಲ್ಲ" ಎಂದು ಬಾಯಿಗೆ ಸೆರಗು ಹಿಡಿದಳು.

ಪ್ಲಾಟ್‌ಫಾರ್ಮಿನ ಇನ್ನೊಂದು ಬದಿಗೆ ಒಂದು ಗಾಡಿ ನಿಂತಿತ್ತು. ಡಬ್ಬಿಯ ಮೇಲಿನ ಬೋರ್ಡನ್ನು ರಂಜನಿ ಓದಿದಳು. 'ಹುಬ್ಬಳ್ಳಿ - ಹೊಸಪೇಟೆ'. ಹುಬ್ಬಳ್ಳಿ ಅಂತ ಇದೆಯಲ್ಲ! ಎಂಜಿನ್ ಯಾವ ಕಡೆಗಿದೆ ಎಂದು ಬಗ್ಗಿ ನೋಡಿದಳು. ಹುಬ್ಬಳ್ಳಿಯ ಕಡೆಗೇ ಹಳದಿ ಮೂತಿ, ದೊಡ್ಡ ಗಾಜು, ದೀಪ. ಇನ್ನೇನು ಬೇಕು?

"ಜಲ್ದಿ ಹತ್ತು ಆಯಿ!"

ಆಯಿ ಬೋರ್ಡು ನೋಡಿದಳು, ಬಾಗಿಲಲ್ಲಿ ನಿಂತವರನ್ನು ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಹತ್ತಿ ಕೂತಳು.

ಸ್ವಲ್ಪ ಹೊತ್ತಿಗೆ ಗಾಡಿ ಹಿಂದಕ್ಕೆ ಹೊರಟಿತು. ಹಳಿ ಬದಲಿಸುತ್ತಿರಬೇಕು ಎಂದುಕೊಂಡಳು ರಂಜನಿ. ಗಾಡಿ ನಿಲ್ಲಲಿಲ್ಲ. ಜೋರಾಗಿ ಓಡತೊಡಗಿತು. ಕಿಟಕಿಯಲ್ಲಿ ಬೆಟಗೇರಿ ಕಡೆಯ ಮನೆಗಳು ಕಂಡವು. ಬೆಟಗೇರಿಯ ಮನೆಯಿಂದಲೇ ತಾನೇ ಅವರು ಈಗಷ್ಟೇ ಟಂಟಂ ಆಟೋ ಹತ್ತಿ ಬಂದದ್ದು!

ಎದುರಿಗೆ ಕೂತಿದ್ದ ಜನ್ನತಬಿ ಎಂಬ ಹೆಂಗಸು ಕೇಳಿದಳು, "ಎಲ್ಲಿಗಿ ಹೊಂಟೀರಿ?"

"ಹುಬ್ಬಳ್ಳಿಗ್ರಿ."

"ಯಾ ಅಲ್ಲಾ! ಇದು ಹುಬ್ಬಳ್ಳಿಯಿಂದ ಬಂದದ್ದು ಬೇಟಾ. ಹೊಸಪ್ಯಾಟಿಗಿ ಹೊಂಟೈತಿ."

"ಎಂಜಿನ್ ಆ ಕಡಿ ಇತ್ತಲ್ರಿ!"

"ಈ ಗಾಡಿಗಿ ಎರಡೂ ಕಡಿ ಮೂತಿ. ಡ್ರೈವರ್ ಯಾವ ಕಡಿ ಕುಂತ್ರ ಆ ಕಡಿ ಓಡ್ತೈತಿ. ಹತ್ತೂ ಮುಂದ ಯಾರನ್ನರ ಕೇಳಬಾರದಿತ್ತಾ?"

ರಂಜನಿಗೆ ಗಾಡಿಯ ಮೇಲೆ ಸಿಟ್ಟು ಬಂತು, ಜನ್ನತಬಿಯ ಮೇಲೆ ಸಿಟ್ಟು ಬಂತು, ಎಲ್ಲಕ್ಕಿಂತ ಆಯಿಯ ಮೇಲೆ. "ನಿನಗರ ಗೊತ್ತಾಗಲಿಲ್ಲೇನು ಆಯಿ?"

"ಹತ್ತೂವಾಗನ ಅನುಮಾನ ಬಂದಿತ್ತವಾ" ಎಂದಳು ಆಯಿ ಮೆಲ್ಲಗೆ. "ಕೇಳೂದಿಲ್ಲಂತ ನಿನಗ ಆಣಿ ಮಾಡಿದ್ದೆನಲ್ಲ?"

ಆಯಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡಿದಳು.

ಮುಂದಿನ ಸ್ಟೇಷನ್ನಿನಲ್ಲಿ ಇಬ್ಬರೂ ಇಳಿದರು. ಅದೊಂದು ಸಣ್ಣ ಸ್ಟೇಷನ್ನು. ಆಯಿ ಮತ್ತೆ ಬಾಯಿಗೆ ಸೆರಗು ಹಿಡಿದು ಬೆಂಚಿನ ಮೇಲೆ ಕೂತಳು. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ರಂಜನಿ ಕಾದಳು. ಬಾಯಿಯ ಮೇಲಿನ ಸೆರಗು ಕದಲಲಿಲ್ಲ.

ಬೇವಿನ ನೆರಳಿನಲ್ಲಿ ಒಬ್ಬ ದೊಡ್ಡ ಮೀಸೆಯವರು ನಿಂತಿದ್ದರು. ರಂಜನಿ ಮೂರು ಸಲ ಹತ್ತಿರ ಹೋಗಿ ತಿರುಗಿ ಬಂದಳು. ನಾಲ್ಕನೇ ಸಲ ಬಾಯಿ ಬಿಟ್ಟಳು.

"ಕಾಕಾ, ಹುಬ್ಬಳ್ಳಿ ಗಾಡಿ ಇಲ್ಲೇ ಬರ್ತೈತೇನ್ರಿ?"

"ಬರ್ತೈತಿ, ನಾನೂ ಅದಕ್ಕ ನಿಂತೀನಿ. ನೀ ಯಾಕ ಹೊಂಟೀವಾ?"

ರಂಜನಿ ಹೇಳತೊಡಗಿದಳು. ಚಿಗವ್ವ ಹಡೆದದ್ದು, ಮಧ್ಯಾಹ್ನ ಕೂಸನ್ನು ತೊಟ್ಟಿಲಿಗೆ ಹಾಕುವುದು, ಆಯಿಗೆ ಕಣ್ಣು ಮಂಜಾದರೂ ಹೊಲಿದೇ ಹೊಲಿದದ್ದು. ಹೇಳುತ್ತ ಹೇಳುತ್ತ ಅವರನ್ನು ಬೆಂಚಿನ ಬಳಿಗೆ ಕರೆತಂದು ಆಯಿಯ ಚೀಲದಿಂದ ಕುಂಚಿಗೆಯನ್ನು ತೆಗೆದು ಬಿಚ್ಚಿ ಹಿಡಿದಾಗಲೇ, ತಾನೇನು ಮಾಡುತ್ತಿದ್ದೇನೆಂಬುದು ಅವಳಿಗೆ ಹೊಳೆದದ್ದು.

ಮೀಸೆಯವರು ನಗಲಿಲ್ಲ. ಗೊಂಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಭಾಳ ಚಂದ ಆಗೇತಿ. ಅಂಜಬ್ಯಾಡವಾ, ಹೊತ್ತಿಗಿ ಸರಿಯಾಗಿ ಮುಟ್ಟತೀರಿ."

ಗಾಡಿ ಬಂತು, ಇದಕ್ಕೂ ಎರಡು ಮೂತಿ. ಒಳಗೆ ಕಾಲಿಡಲು ಜಾಗವಿಲ್ಲ. "ಕೂಸಿನ ಕುಂಚಿಗಿ ಬಂದೈತಿ, ಸರೀರಿ, ಸರೀರಿ!" ಎಂದು ಮೀಸೆಯವರು ದಾರಿ ಮಾಡಿಕೊಟ್ಟರು. ಜನ ಒತ್ತಿ ಕೂತು ಇಬ್ಬರಿಗೂ ಜಾಗ ಕೊಟ್ಟರು.

ರಂಜನಿ ಪಕ್ಕದ ಹೆಂಗಸಿನ ಕಡೆಗೆ ತಿರುಗಿದಳು. "ಇದು ಹುಬ್ಬಳ್ಳಿ ಗಾಡಿ ಹೌದಲ್ರಿ?"

"ಹೌದವಾ. ಯಾಕ ಹೊಂಟೀರಿ?"

ರಂಜನಿ ಕುಂಚಿಗೆಯನ್ನು ಮಡಚಿ ಆಯಿಯ ಮಡಿಲಲ್ಲಿ ಇಟ್ಟಳು.

"ಆಯಿ, ನೀನ ಹೇಳು."

ಆಯಿ ಬಾಯಿಯ ಮೇಲಿನ ಸೆರಗು ತೆಗೆದಳು.