ಅಂಗಾತ ಮಲಗಿದ ಪದ

ಕರಡು ಹಾಳೆ ಓದುತ್ತಿದ್ದವಳು ಒಂದು ಪದದ ಬಳಿ ತಟ್ಟನೆ ನಿಂತಳು. ನಿಘಂಟು ಕಚೇರಿಯಲ್ಲಿ ಪದಗಳ ಮೂಲ ಹುಡುಕುವುದು ಅವಳ ಕೆಲಸ. ‘ಸುಪೈನ್’ ಎಂಬ ಲ್ಯಾಟಿನ್ ವ್ಯಾಕರಣದ ಪದದ ಕೆಳಗೆ, ಅವಳದೇ ಹೆಸರಿನಲ್ಲಿ, ಅವಳು ಬರೆಯದ ಕಥೆಯೊಂದು ಹಲ್ಲು ಕಿರಿಯುತ್ತಿತ್ತು. ದಣಿದ ಸೈನಿಕರು ಅಂಗಾತ ಮಲಗಿ, ಆಕಾಶ ನೋಡುತ್ತಾ ಆಡುತ್ತಿದ್ದ ಕ್ರಿಯಾರೂಪವಂತೆ ಅದು.

ಇಂಥ ಬೆಡಗಿನ ಮಾತು ಕರಡು ತಿದ್ದುವವನದೇ. ಎದುರು ಮೇಜಿನಿಂದ, ಕನ್ನಡಕದ ಮೇಲಿಂದ ಅವಳನ್ನು ಕದ್ದು ನೋಡುವವನು. ಸಿಕ್ಕಿಬಿದ್ದರೆ ಕಿವಿಯವರೆಗೂ ಕೆಂಪಾಗುವವನು. ನಿನ್ನೆಯವರೆಗೂ ಆ ಕಿವಿ ನೋಡಲೆಂದೇ ಅವಳು ತಲೆ ಎತ್ತುತ್ತಿದ್ದಳು. ಇವತ್ತು ಆ ಕಿವಿ ಕಂಡರೂ ಅಸಹ್ಯ.

“ಇದು ನಿಮ್ಮ ಕೆಲಸ ತಾನೆ?”

“ನಿಮಗೆ ಜ್ವರ ಬಂದಿತ್ತಲ್ಲ. ನಿಮ್ಮ ಚೀಟೀಲಿ ‘ಅಂಗಾತ ಮಲಗಿದ ಎಂದರ್ಥ; ವ್ಯಾಕರಣದಲ್ಲಿ ಈ ಹೆಸರು ಯಾಕೆ ಬಂತೋ ತಿಳಿಯದು’ ಅಂತಷ್ಟೇ ಇತ್ತು. ಸಂಪಾದಕರು ನಿಮ್ಮನ್ನ ಏನಾದ್ರೂ ಅಂದಾರು ಅಂತ...” ಅವನು ನಗಲು ನೋಡಿದ. “ಚೆನ್ನಾಗಿಲ್ವಾ?”

“ಚೆನ್ನಾಗಿದೆ. ಅದಕ್ಕೇ ವಾಕರಿಕೆ ಬರ್ತಿದೆ. ‘ತಿಳಿಯದು’ ಅಂತ ಬರೆಯೋಕೆ ನಾನು ಎಂಟು ತಿಂಗಳು ಹುಡುಕಿದೀನಿ, ಮಾರಾಯ್ರೆ.”

ಅವನ ನಗು ಇಂಗಿಹೋಯಿತು.

“ಭಾನುವಾರ ಅಪ್ಪನ ಹತ್ರ ಮದುವೆ ಮಾತಾಡೋಕೆ ಬರ್ತೀನಿ ಅಂದಿದ್ರಲ್ಲ, ಬರಬೇಡಿ. ಖಾಲಿ ಕಂಡ ಕಡೆಯೆಲ್ಲ ಸಿಹಿ ಸುಳ್ಳು ತುಂಬೋರ ಜೊತೆ ನಾನು ಹೇಗೆ ಬಾಳ್ಲಿ?”

ಹಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ತಡೆಯಬೇಕಾದರೆ ತಪ್ಪು ಮಾಡಿದವನೇ ಸಂಪಾದಕರಿಗೆ ಕಾರಣ ಬರೆದುಕೊಡಬೇಕು. ಬರೆದುಕೊಟ್ಟವನು ಮತ್ತೆ ಯಾರ ಚೀಟಿಯನ್ನೂ ಮುಟ್ಟುವಂತಿಲ್ಲ. ಅದು ಆ ಕಚೇರಿಯ ಕಟ್ಟಳೆ. ಹದಿನಾಲ್ಕು ವರ್ಷ ಅಲ್ಲೇ ಕಣ್ಣು ಸವೆಸಿದ ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತ. ಅವಳು ಅತ್ತ ನೋಡಲಿಲ್ಲ, ಆದರೆ ಒಂದು ಸಾಲೂ ಓದಲಾಗಲಿಲ್ಲ. ಕೊನೆಗೆ ಅವನು ಎದ್ದು ಸಂಪಾದಕರ ಕೋಣೆಯೊಳಗೆ ಹೋದ.

ಹೊರಬಂದು ಮೇಜಿನ ಸಾಮಾನು ಎತ್ತಿಕೊಳ್ಳತೊಡಗಿದ.

“ನಾಳೆಯಿಂದ ಪಾರ್ಸೆಲ್ ಕಟ್ಟೋ ಕೋಣೆ. ಹಾಳೆ ನಿಲ್ಲಿಸಿದ್ರು. ನಿಮ್ಮ ಮಾತೇ ಅಚ್ಚಾಗುತ್ತೆ.”

“ಕಾರಣ ಏನಂತ ಬರೆದ್ರಿ?”

“ನಿಜಾನೇ. ನೀವಂದ್ರೆ ನನಗೆ ಪ್ರಾಣ, ಅದಕ್ಕೇ ಬುದ್ಧಿ ಕೆಟ್ಟಿತು ಅಂತ. ಕೆಳಗೆ ರುಜು ಹಾಕಿದೀನಿ.”

ಇಷ್ಟು ದಿನ ತನಗೆ ಹೇಳದ್ದನ್ನು ಕಚೇರಿಯ ಕಾಗದದಲ್ಲಿ ಬರೆದುಕೊಟ್ಟು ಬಂದಿದ್ದಾನೆ, ಪುಣ್ಯಾತ್ಮ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು, ಕಣ್ಣೂ ತುಂಬಿತು.

“ಇನ್ನೂ ಅಸಹ್ಯ ಇದೆಯಾ, ನನ್ನ ಮೇಲೆ?”

“ಇದೆ. ಮದುವೆ ಆದ್ಮೇಲೂ ಆಗಾಗ ಬರುತ್ತೆ. ತಡ್ಕೊಳ್ಳಿ.”