ಮಲಕಪ್ಪನ ಬಾಯಲ್ಲಿ ಬೇರೆ ದನಿ

ಚಿಕ್ಕಂದಿನಲ್ಲಿ ವಿಜಯಪುರದ ನಮ್ಮ ಮನೆಯಲ್ಲಿ ಅಪ್ಪ ರೇಡಿಯೊ ಹಚ್ಚಿದರೆ ಹಾಡಿಗಿಂತ ಮೊದಲು ಬಿಸಿಯಾದ ಧೂಳಿನ ವಾಸನೆ ಬರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಶಿವಕಾಂತಾ ತನ್ನ ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತಿದ್ದಳು. ಅದೇ ವಾಸನೆ ಕೋಣೆ ತುಂಬಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಅವಳು ನನ್ನ ಪಕ್ಕದ ಮನೆಯವಳು. ನಮ್ಮ ಪುಣೆಯ ಹೌಸಿಂಗ್ ಸೊಸೈಟಿಯಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಾರೆ.

ಅಂದು ತಟ್ಟಿದವಳು ಕೆಳಮಹಡಿಯ ಶಿವಬಸವ್ವ.

“ಅಕ್ಕಾರ, ನಮ್ಮವರ ದನಿ ಕಳುವಾಗ್ಯಾದ್ರಿ. ಕದ್ದಾಂವ ಮನಿಯವನ ಅದಾನ.”

ಅವಳ ಗಂಡ ಮಲಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿದ್ದಾಗ ಆತ ಗೆಳೆಯರನ್ನು ಕಟ್ಟಿಕೊಂಡು ಒಂದು ಸಣ್ಣ ಸಿನಿಮಾ ಮಾಡಿ, ತಾನೇ ಹೀರೋ ಆಗಿದ್ದ. ಅದರ ಸೀಡಿ ಮನೆಯಲ್ಲಿತ್ತು. ಪ್ಲೇಯರ್ ಕೆಟ್ಟಿದ್ದರಿಂದ ಮೈದುನ ಮಾಂತು ಅದನ್ನು ಕ್ಯಾಂಪ್ ಪೇಟೆಯ ಒಂದು ಅಂಗಡಿಗೆ ಒಯ್ದು ಪೆನ್ ಡ್ರೈವಿಗೆ ಹಾಕಿಸಿ ತಂದಿದ್ದ.

“ಹೊಸ ಟೀವಿಗೆ ಹಚ್ಚಿದೆ. ಬಾಯಿ ನಮ್ಮವರದು, ದನಿ ಮಾಂತೂಂದು, ಅದೂ ಮರಾಠಿಯಾಗ. ಅಣ್ಣ ಹೀರೋ ಆದ, ತಾ ಮಂದಿಗೆ ಚಾ ಕೊಟಗೋತ ನಿಂತೆ ಅಂತ ಅವಗ ಹೊಟ್ಟಿಕಿಚ್ಚು. ನಮ್ಮವರ ಮಾತು ಕೇಳಿ ಚಾಕಣದ ಮರಾಠಿ ಸಾಹೇಬ್ರ ಚಪ್ಪಾಳಿ ಬಡದಿದ್ರಂತ.”

“ಅವನ್ನ ಕೇಳಿದೇನು?” ಎಂದಳು ಶಿವಕಾಂತಾ.

“ಕೇಳಿದೆ. ದನಿ ನಂದ ವೈನಿ, ಆದ್ರ ನಾ ಏನೂ ಮಾಡಿಲ್ಲ ಅಂದು ತಲಿ ತಗ್ಗಿಸಿ ನಿಂತ. ನಮ್ಮ ಹೊಸ್ತಿಲಾ ತುಳೀಬ್ಯಾಡ ಅಂದೆ. ಇವತ್ತ ಸಂಜೀಕ ದೌಂಡಕ್ಕ ಹೊಂಟಾನಂತ, ಕಾಯಂ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೋಗವಲ್ನ್ಯಾಕ. ನನಗ ಅವರ ದನಿ ಬೇಕ್ರಿ. ಮಾರಿ ಫೋಟೋದಾಗ ಅದ, ದನಿ ಮತ್ತೆಲ್ಲೂ ಇಲ್ಲ.”

“ಸಿನಿಮಾ ಎಲ್ಲಿತನಕ ನೋಡಿದಿ?”

“ಅವರ ಮೊದಲನೇ ಮಾತಿನ ತನಕ. ಮುಂದ ನೋಡಾಕ ಆಗಲಿಲ್ಲ.”

“ಹಳೇ ಪ್ಲೇಯರ್ ಟೀವಿಗೆ ಯಾರು ಜೋಡಿಸತಿದ್ರು?”

“ಅವರ. ಹಳದಿ ವೈರು, ಬಿಳಿ ವೈರು ಚುಚ್ಚಿ, ಕೆಂಪಿಂದಕ್ಕ ಬಟ್ಟಿ ಸುತ್ತಿ ಬಿಡತಿದ್ರು. ಆಗಿನ ಟೀವಿಗೆ ಅದರ ತೂತ ಇರಲಿಲ್ಲ.”

ಅವಳು ಪೆನ್ ಡ್ರೈವನ್ನೂ ಸೀಡಿಯನ್ನೂ ಕೊಟ್ಟು ಹೋದ ಮೇಲೆ ನಾವು ಪೆನ್ ಡ್ರೈವ್ ಹಚ್ಚಿದೆವು. ಮಲಕಪ್ಪ ಬಾಗಿಲು ತೆರೆದು, ಹೊರಗೆ ನಿಂತ ಗೆಳೆಯನಿಗೆ, “ಬಾಹೇರ್ ಕಾ ಉಭಾ ಆಹೇಸ್? ಆತ್ ಯೇ” ಎಂದು ಒಳಗೆ ಕರೆದ. ಮಾತು ಮರಾಠಿ, ದನಿ ನಿಸ್ಸಂಶಯವಾಗಿ ಮಾಂತುವಿನದು. ನಾವು ನಿಲ್ಲಿಸದೆ ನೋಡಿದೆವು. ಆ ಗೆಳೆಯನೂ ಮರಾಠಿ, ಚಹಾದಂಗಡಿಯ ಹೆಂಗಸೂ ಮರಾಠಿ. ಯಾರ ತುಟಿಯೂ ಮಾತಿಗೆ ಹೊಂದುತ್ತಿರಲಿಲ್ಲ.

ಶಿವಕಾಂತಾ ಇಯರ್‌ಫೋನನ್ನು ಒಮ್ಮೆ ಎಡಗಿವಿಗೆ, ಒಮ್ಮೆ ಬಲಗಿವಿಗೆ ಇಟ್ಟು ಕೇಳಿ ನನಗೆ ಕೊಟ್ಟಳು. “ಫರಕ್ ಅದ ಏನು, ವಸಂತಿ?”

“ಇಲ್ಲ. ಎರಡೂ ಕಡೆ ಒಂದೇ.”

“ನಡಿ, ಕ್ಯಾಂಪಿಗೆ.”

ಅಂಗಡಿಯ ಪ್ರೇಮಕುಮಾರ ಇದ್ದ ಎರಡು ಸ್ಟೂಲುಗಳನ್ನೂ ಒರೆಸಿ ನಮಗೆ ಕೊಟ್ಟು ತಾನು ನಿಂತುಕೊಂಡ. “ನಾ ಯಾವ ದನಿನೂ ಸೇರಿಸಿಲ್ಲ ಮಾವಶಿ. ಸೌಂಡ್ ಸಣ್ಣದಿತ್ತು, ವಾಲ್ಯೂಮ್ ಏರಿಸಿದೆ. ಬಿಟ್‌ರೇಟ್ ಅರ್ಧಾ ಮಾಡಿದೆ, ಅಷ್ಟ.”

“ಅರ್ಧಾ ಯಾಕ?”

“ಒಂದ ಕಡೀ ಸೌಂಡಿಗೆ ಅಷ್ಟ ಸಾಕಲ್ಲ?”

ಶಿವಕಾಂತಾ ನಕ್ಕಳು. “ಸಂಜೀಕ ಒಂದು ಪ್ಲೇಯರ್ ತಗೊಂಡು ನಮ್ಮನಿಗೆ ಬಾ.”

ಸಂಜೆ ಅವಳ ಕೋಣೆಯಲ್ಲಿ ಎಲ್ಲರೂ ಸೇರಿದರು. ಅವಳು ಹೇಳಿಕಳಿಸಿದ್ದಕ್ಕೆ ಬಂದ ಮಾಂತು ಹೆಗಲ ಚೀಲ ಇಳಿಸದೆ ಬಾಗಿಲ ಬಳಿಯೇ ನಿಂತ. ಶಿವಬಸವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

“ಕಳುವು ಆಗೇ ಇಲ್ಲ,” ಎಂದು ಶಿವಕಾಂತಾ ಶುರು ಮಾಡಿದಳು. “ಹೊಟ್ಟಿಕಿಚ್ಚಿದ್ದಾಂವ ಅಣ್ಣನ ದನಿ ಅಷ್ಟ ಬದಲಸ್ತಾನ, ಚಾದಂಗಡಿಯಾಕಿ ದನಿ ಯಾಕ ಬದಲಸ್ತಾನ? ಸಿನಿಮಾ ತುಂಬ ಮರಾಠಿ ಅದ. ಅಂದ್ರ ಆ ಮರಾಠಿ ಆಗಿಂದ ಸೀಡಿಯೊಳಗ ಇತ್ತು. ಚಾಕಣದಾಗ ನೋಡವ್ರು ಅರ್ಧಾ ಕನ್ನಡದವ್ರು, ಅರ್ಧಾ ಮರಾಠಿಯವ್ರು. ಅದಕ್ಕ ಎಡಕ್ಕ ಕನ್ನಡ, ಬಲಕ್ಕ ಮರಾಠಿ ತುಂಬಿದ್ರು. ಬಿಳಿ ವೈರು ಎಡದ್ದು, ಕೆಂಪು ಬಲದ್ದು. ನಿಮ್ಮನ್ಯಾಗ ಕೆಂಪು ವೈರು ಯಾವತ್ತೂ ಚುಚ್ಚಿಲ್ಲ. ಆ ಮರಾಠಿ ನಿನ್ನ ಕಿವಿಗೆ ಬೀಳಲೇ ಇಲ್ಲ.”

ಪ್ರೇಮಕುಮಾರ ಕಿವಿ ತುರಿಸಿಕೊಂಡ. “ನನಗ ಎರಡೂ ಒಟ್ಟಿಗೆ ಕೇಳಿಸಿದವು. ಮನ್ಯಾಗ ನಾವು ಮರಾಠಿನ ಮಾತಾಡತೀವಿ, ಕಿವಿ ಅದನ್ನ ಹಿಡೀತು. ಇನ್ನೊಂದು ಯಾವುದೋ ಗದ್ದಲ ಹೊಕ್ಕದ ಅಂತ ಅಳಿಸಿ, ತಿಳಿಯಾಗಿದ್ದ ದನಿ ಎರಡೂ ಕಡೀ ಹಾಕಿದೆ.”

ಶಿವಕಾಂತಾ ವಿವರಿಸಿದಳು. “ಒಂದೊಂದು ಕ್ಷಣದ ಸೌಂಡಿಗೆ ಎಷ್ಟು ಜಾಗಾ ಕೊಡಬೇಕು ಅನ್ನೋದ ಬಿಟ್‌ರೇಟ್. ಇವ ಅರ್ಧಾ ಜಾಗಾ ಸಾಕಂದಾಗ, ಉಳಿದರ್ಧದಾಗ ಮಲಕಪ್ಪ ಇದ್ದ ಅಂತ ನನಗ ಖಾತ್ರಿ ಆತು. ಒಂದು ಮಾತು ಕೇಳಿ ಅಳಿಸಬೇಕಿತ್ತಪ್ಪ.”

“ತಪ್ಪಾತು, ಮಾವಶಿ.”

ಶಿವಬಸವ್ವ ತಿರುಗಿದಳು. “ಹಂಗಾರ ಇಂವ ಯಾಕ ಬಾಯಿ ಬಿಡಲಿಲ್ಲ?”

“ಒಂದು ಮಾತಿಗೆ ಪಾರಾಗತಿದ್ದ. ಸುಮ್ಮನಿದ್ದ ಅಂದ್ರ ಯಾರದೋ ಮಾನ ಕಾಯತಿದ್ದ. ಸಾಹೇಬ್ರು ಚಪ್ಪಾಳಿ ಬಡದದ್ದು ಮರಾಠಿ ಮಾತಿಗೆ. ಆ ದನಿ ತನ್ನದ ಅಂತ ನಿಮ್ಮಣ್ಣ ಹೇಳ್ಕೊಂಡಿದ್ದ, ಅಲ್ಲೇನು ಮಾಂತು?”

ಮಾಂತು ಚೀಲದ ಪಟ್ಟಿ ಹಿಡಿದುಕೊಂಡ. “ಮೈಕ್ ಮುಂದ ಅಣ್ಣನ ಮರಾಠಿ ತೊದಲತಿತ್ರಿ. ಮಂದಿ ನಕ್ಕರು. ನನ್ನ ಬದಲಿ ನೀ ಮಾತಾಡು, ಆದ್ರ ನಿಮ್ಮ ವೈನಿ ಮುಂದೂ ಹೇಳಬ್ಯಾಡ ಅಂದಿದ್ದ. ಹೋದಾವಗ ಕೊಟ್ಟ ಮಾತು, ಹೆಂಗ ಮುರೀಲಿ?”

ಶಿವಕಾಂತಾ ಪ್ಲೇಯರಿಗೆ ಸೀಡಿ ಹಾಕಿ ಕೆಂಪು ವೈರು ಕಿತ್ತಳು. ಮಲಕಪ್ಪ ಬಾಗಿಲು ತೆರೆದ. ತುಸು ಒಡೆದ, ದಪ್ಪ ದನಿ ಕೋಣೆಗೆ ಬಂತು: “ಹೊರಗ್ಯಾಕ ನಿಂತೀಯೋ? ಒಳಗ ಬಾ.”

ಶಿವಬಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪ್ರೇಮಕುಮಾರ ಯಾರೂ ಹೇಳದೆಯೇ ಹಿಂದಕ್ಕೆ ಓಡಿಸಿ ಅದೇ ಮಾತನ್ನು ಮತ್ತೆ ಹಚ್ಚಿದ.

“ಹೊಸಾ ಕಾಪಿ ಮಾಡಿ ಕೊಡತೀನಿ ಮಾವಶಿ,” ಎಂದ. “ಬಿಟ್‌ರೇಟ್ ಕಡಿಮಿ ಮಾಡಂಗಿಲ್ಲ. ಕನ್ನಡ ಅಷ್ಟ ಇಡಲೇನು?”

“ಬ್ಯಾಡಪ್ಪ,” ಎಂದಳು ಶಿವಬಸವ್ವ. “ಮಾಂತೂಂದೂ ಇರಲಿ.”

ಅವಳು ಎದ್ದು ಕೆಳಗಿಳಿದು ಹೋದಳು. ಸ್ವಲ್ಪ ಹೊತ್ತಿನಲ್ಲಿ ಮುಚ್ಚಿದ ತಾಟು ಹಿಡಿದು ಮೇಲೆ ಬಂದಳು. ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಮಾಂತುವಿನ ಹೆಗಲಿನಿಂದ ಚೀಲ ತೆಗೆದು ಕೆಳಗಿಟ್ಟು, ತಾಟನ್ನು ಅವನ ಎರಡೂ ಕೈಯಲ್ಲಿ ಇಟ್ಟಳು.